ಬರ್ಗಂಡಿಯಿಂದ ಬರೋಲೊವರೆಗೆ ಕಾರಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ದಾರಿಯಲ್ಲಿ ನಾವು ಎರಡು ಸಲ ಹೋಗಿ ಬಂದಿದ್ದೇವೆ. ಒಮ್ಮೆ ಜೂನ್‌ನಲ್ಲಿ, ಒಮ್ಮೆ ಅಕ್ಟೋಬರ್‌ನಲ್ಲಿ. ಆಮೇಲೆ ನೆಂಟರು, ಆಫೀಸಿನವರು, ನೆಂಟರ ನೆಂಟರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಒಂದೇ. ಪ್ರತಿಸಲ ಹೇಳಿ ಹೇಳಿ ಗಂಟಲು ಒಣಗಿತು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಎಲ್ಲಿಂದ ಎಲ್ಲಿಗೆ? ಯಾಕೆ ಈ ಎರಡೇ ಊರು?

ಫ್ರಾನ್ಸಿನ ಬರ್ಗಂಡಿಯಲ್ಲಿರುವ ಬೋನ್ ಪಟ್ಟಣದಿಂದ ಇಟಲಿಯ ಪಿಯೆಮೊಂತೆ ಸೀಮೆಯ ಆಲ್ಬಾ ಪಟ್ಟಣಕ್ಕೆ. ಬರೋಲೊ ಹಳ್ಳಿ ಆಲ್ಬಾದ ಪಕ್ಕದಲ್ಲೇ ಇದೆ, 15 ಕಿ.ಮೀ. ಅಷ್ಟೆ. ನೇರ ದಾರಿ ಹಿಡಿದರೆ ಸುಮಾರು 500 ಕಿ.ಮೀ. ಮಧ್ಯದಲ್ಲಿ ಆಲ್ಪ್ಸ್ ಅಡ್ಡ ಮಲಗಿದೆ.

ಎರಡೂ ವೈನಿಗೆ ಹೆಸರಾದ ಸೀಮೆಗಳು, ಅಕ್ಕತಂಗಿಯರ ಹಾಗೆ. ಎರಡೂ ಕಡೆ ಹೆಸರಾಂತ ಕೆಂಪು ವೈನಿಗೆ ತಲಾ ಒಂದೇ ಜಾತಿಯ ದ್ರಾಕ್ಷಿಯ ಮೇಲೆ ಭರವಸೆ. ಅಲ್ಲಿ ಪಿನೋ ನ್ವಾರ್, ಇಲ್ಲಿ ನೆಬ್ಬಿಯೊಲೊ. ಎರಡೂ ಕಡೆ ದೊಡ್ಡ ಎಸ್ಟೇಟು ಕಡಿಮೆ, ತುಂಡು ತುಂಡು ಹೊಲ ಜಾಸ್ತಿ. ಪ್ರತಿ ತುಂಡಿಗೂ ಹೆಸರುಂಟು, ಹೆಸರಿಗೆ ತಕ್ಕ ಬೆಲೆಯುಂಟು. ಬರ್ಗಂಡಿಯಲ್ಲಿ ಆ ತುಂಡಿಗೆ 'ಕ್ಲಿಮಾ' ಅನ್ನುತ್ತಾರೆ. ಅಂಥ 1,247 ಕ್ಲಿಮಾಗಳನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬರೋಲೊ ಸುತ್ತಲಿನ ಲಾಂಗೆ ಗುಡ್ಡಗಳು ಅದಕ್ಕೂ ಒಂದು ವರ್ಷ ಮೊದಲೇ ಸೇರಿದ್ದವು.

'ಅದೇ ದ್ರಾಕ್ಷಿ, ಪಕ್ಕದ ಹೊಲ, ಬೆಲೆ ಮಾತ್ರ ಹತ್ತು ಪಟ್ಟು ಯಾಕೆ?' ಎಂದು ನಮ್ಮ ಭಾವ ಕೇಳಿದರು. ನಂಜನಗೂಡು ರಸಬಾಳೆಯನ್ನು ಬೇರೆ ಕಡೆ ನೆಟ್ಟರೆ ಆ ರುಚಿ ಬರುತ್ತದೆಯೇ ಎಂದು ನಾನು ತಿರುಗಿ ಕೇಳಿದೆ. ಸುಮ್ಮನಾದರು. ಹತ್ತು ಪಟ್ಟು ಬೆಲೆಗೆ ಅದು ಪೂರ್ತಿ ಉತ್ತರ ಅಲ್ಲ, ಗೊತ್ತು. ಆದರೆ ಶುರು ಮಾಡಲು ಸಾಕು.

ನನಗೆ ವೈನ್ ಬಗ್ಗೆ ಏನೂ ಗೊತ್ತಿಲ್ಲ. ಮನೆಯಲ್ಲಿ ಒಬ್ಬರು ಕುಡಿಯುವುದೇ ಇಲ್ಲ. ಹೋಗಬಹುದೇ?

ಕುಡಿಯದವರು ಒಬ್ಬರು ಇದ್ದರೆ ನಿಮ್ಮ ಅದೃಷ್ಟ. ನಮ್ಮ ಮನೆಯವರು ಒಂದು ತೊಟ್ಟೂ ಮುಟ್ಟುವುದಿಲ್ಲ. ಎರಡೂ ಸಲ ಸ್ಟಿಯರಿಂಗ್ ಹಿಡಿದವರು ಅವರೇ. ಆದರೆ ಅವರನ್ನು ಬರೀ ಡ್ರೈವರ್ ಮಾಡಿ ಕೂರಿಸಬೇಡಿ. ಒಂದು ಸೆಲ್ಲಾರ್ (ವೈನ್ ಇಡುವ ನೆಲಮಾಳಿಗೆ, ರುಚಿ ನೋಡುವುದೂ ಅಲ್ಲೇ) ನಿಮ್ಮದಾದರೆ, ಒಂದು ಕೋಟೆಯೋ ಸಂತೆಯೋ ಅವರದಾಗಿರಲಿ. ಮೊದಲ ಪ್ರವಾಸದಲ್ಲಿ ನಾನು ಒಂದೇ ದಿನ ನಾಲ್ಕು ಸೆಲ್ಲಾರ್ ಬುಕ್ ಮಾಡಿದ್ದೆ. ಮೂರನೆಯದರಲ್ಲಿ ನನ್ನ ನಾಲಿಗೆ ಮರಗಟ್ಟಿತ್ತು, ಅವರ ಮುಖ ಗಂಟಿಕ್ಕಿತ್ತು. ನಾಲ್ಕನೆಯದಕ್ಕೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳಿದೆವು.

ದಿನಕ್ಕೆ ಎರಡು. ಅದಕ್ಕಿಂತ ಜಾಸ್ತಿ ಬೇಡ.

ಎಷ್ಟು ದಿನ ಬೇಕು?

ಕಾರು ಕೈಗೆ ಬಂದ ದಿನದಿಂದ ಲೆಕ್ಕ ಹಾಕಿದರೆ ಒಂಬತ್ತು ಹತ್ತು ದಿನ. ಬೋನ್‌ನಲ್ಲಿ ಮೂರು ರಾತ್ರಿ, ಆಲ್ಪ್ಸ್ ದಾರಿಯಲ್ಲಿ ಎರಡು, ಲಾಂಗೆಯಲ್ಲಿ ಮೂರು ಅಥವಾ ನಾಲ್ಕು. ಉಳಿದದ್ದು ವಾಪಸು ಬರಲು. ಒಂದು ವಾರ ಮಾತ್ರ ರಜೆ ಇದ್ದರೆ ಎರಡರಲ್ಲಿ ಒಂದು ಸೀಮೆಯನ್ನು ಆರಿಸಿಕೊಳ್ಳಿ. ಎರಡನ್ನೂ ತುರುಕಿದರೆ ನೆನಪಿರುವುದು ಟೋಲ್ ಗೇಟುಗಳು ಮಾತ್ರ.

ಆಲ್ಪ್ಸ್ ದಾಟಲು ಯಾವ ದಾರಿ ಒಳ್ಳೆಯದು?

ಎಲ್ಲರೂ ಕೇಳುವ ಪ್ರಶ್ನೆ ಇದು. ಮೂರು ದಾರಿಗಳಿವೆ.

ಮೊದಲನೆಯದು ಮೋಂ ಬ್ಲಾಂ ಸುರಂಗ. ಬೋನ್‌ನಿಂದ ಬೂರ್-ಆಂ-ಬ್ರೆಸ್, ಶಮೋನಿ, ಅಲ್ಲಿಂದ ಬೆಟ್ಟದ ಹೊಟ್ಟೆಯೊಳಗೆ 11.6 ಕಿ.ಮೀ. ಆಚೆ ಬದಿಯಲ್ಲಿ ಕುರ್ಮಾಯೋರ್, ಅಂದರೆ ಇಟಲಿ. ಆಲ್ಬಾವರೆಗೆ ಸುಮಾರು ಆರು ಗಂಟೆಯ ದಾರಿ. 1965ರಲ್ಲಿ ತೆರೆದ ಈ ಸುರಂಗದಲ್ಲಿ 1999ರ ಮಾರ್ಚ್‌ನಲ್ಲಿ ಒಂದು ಲಾರಿಗೆ ಬೆಂಕಿ ಹತ್ತಿ 39 ಜನ ಸತ್ತರು. ಮೂರು ವರ್ಷ ಮುಚ್ಚಿತ್ತು. ಈಗಿನ ನಿಯಮಗಳು ಬಿಗಿಯಾಗಿರುವುದು ಅದಕ್ಕೇ. ಗಂಟೆಗೆ 70 ಕಿ.ಮೀ. ಮೀರುವಂತಿಲ್ಲ, 50ಕ್ಕಿಂತ ನಿಧಾನವಾಗಿಯೂ ಹೋಗುವಂತಿಲ್ಲ. ಮುಂದಿನ ಗಾಡಿಯಿಂದ 150 ಮೀಟರ್ ದೂರ ಇರಬೇಕು. ಹಿಂದಿನವನು ಹಾರ್ನ್ ಹೊಡೆದರೂ ಈ ಅಂತರ ಬಿಡಬೇಡಿ. ಕಾರಿಗೆ ಒಂದು ಬದಿಯ ಟೋಲ್ 50 ಯೂರೋ ದಾಟುತ್ತದೆ. ಇನ್ನೊಂದು ವಿಷಯ: ದುರಸ್ತಿಗಾಗಿ 2024 ಮತ್ತು 2025ರಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇದನ್ನು ಪೂರ್ತಿ ಮುಚ್ಚಿದ್ದರು. ಶರತ್ಕಾಲಕ್ಕೆ ಹೊರಟವರು ಸುರಂಗದ ವೆಬ್‌ಸೈಟ್ ನೋಡದೆ ಹೋಟೆಲ್ ಬುಕ್ ಮಾಡಬೇಡಿ.

ಎರಡನೆಯದು ಫ್ರೇಜ್ಯೂಸ್ ಸುರಂಗ. ಸುಮಾರು 13 ಕಿ.ಮೀ. ಉದ್ದ. ಟೋಲ್ ಕೂಡ ಅಷ್ಟೇ ದುಬಾರಿ. ನೋಡಲು ಅಂಥ ವಿಶೇಷ ಏನಿಲ್ಲ. ಆದರೆ ವಾಪಸು ಲಿಯೋನ್‌ಗೆ ಬರಲು ಇದೇ ಸಲೀಸು. ಬೇಸಿಗೆಯಲ್ಲಿ ಟೋಲ್ ಉಳಿಸಬೇಕೆಂದರೆ ಪಕ್ಕದ ಮೋಂ ಸೆನಿ ಘಾಟಿ ಹತ್ತಬಹುದು, 2,081 ಮೀಟರ್ ಎತ್ತರ. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತದೆ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಸ್ವಿಟ್ಜರ್ಲೆಂಡ್ ಸುತ್ತಿಕೊಂಡು ಹೋಗುವ ದಾರಿ. ಬೋನ್‌ನಿಂದ ಪೂರ್ವಕ್ಕೆ ಜುರಾ ಬೆಟ್ಟದ ತಪ್ಪಲಿನ ಆರ್ಬ್ವಾ. ಲೂಯಿ ಪಾಶ್ಚರ್ ಬೆಳೆದ ಊರು. ಇಲ್ಲಿನ ಹಳದಿ ವೈನನ್ನು ಪೀಪಾಯಿಯಲ್ಲಿ ಆರು ವರ್ಷಕ್ಕೂ ಮೇಲೆ ಇಡುತ್ತಾರೆ. ಆಮೇಲೆ 62 ಸೆಂಟಿಲೀಟರಿನ ಗಿಡ್ಡ ಬಾಟಲಿಗೆ ತುಂಬುತ್ತಾರೆ. ಅಲ್ಲಿಂದ ಗಡಿ ದಾಟಿ ಲೊಸಾನ್. ಲೊಸಾನ್ ಮತ್ತು ವೆವೆ ನಡುವೆ ಜಿನೀವಾ ಸರೋವರದ ದಂಡೆಯಲ್ಲಿ ಲಾವೊ ದ್ರಾಕ್ಷಿ ತೋಟಗಳು. ಕಲ್ಲುಗೋಡೆ ಕಟ್ಟಿದ ಮೆಟ್ಟಿಲು ಮೆಟ್ಟಿಲು ಗದ್ದೆಗಳ ಹಾಗೆ ನೀರಿನವರೆಗೂ ಇಳಿಯುತ್ತವೆ. ಆಮೇಲೆ ಮಾರ್ಟಿನಿ, ಗ್ರೇಟ್ ಸೇಂಟ್ ಬರ್ನಾರ್ಡ್. ಬೇಸಿಗೆಯಲ್ಲಾದರೆ ಸುರಂಗ ಬಿಟ್ಟು 2,469 ಮೀಟರ್ ಎತ್ತರದ ಘಾಟಿಯನ್ನೇ ಹತ್ತಿ. ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್ ಮಧ್ಯದವರೆಗೆ ತೆರೆದಿರುತ್ತದೆ. 1800ರ ಮೇ ತಿಂಗಳಲ್ಲಿ ನೆಪೋಲಿಯನ್ ಸೈನ್ಯ ಸಮೇತ ದಾಟಿದ ಘಾಟಿ ಇದು. ದಪ್ಪ ನಾಯಿಗಳ ಊರೂ ಇದೇ, ಮಕ್ಕಳು ಕಾರಿನಿಂದ ಇಳಿಯಲು ಅಷ್ಟು ಸಾಕು.

ಘಾಟಿ ಇಳಿದರೆ ಆವೊಸ್ತಾ. ರೋಮನ್ನರು ಕ್ರಿಸ್ತಪೂರ್ವ 25ರಲ್ಲಿ ಕಟ್ಟಿದ ಕಮಾನು ಈಗಲೂ ನಿಂತಿದೆ. ಇಲ್ಲಿ ಒಂದು ರಾತ್ರಿ ಇರಿ. ಮರುದಿನ ಕಣಿವೆ ಮುಗಿದು ಪಿಯೆಮೊಂತೆ ಶುರುವಾಗುವಲ್ಲಿ ಕರೇಮಾ ಎಂಬ ಹಳ್ಳಿ ಸಿಗುತ್ತದೆ. ದಪ್ಪ ಕಲ್ಲುಕಂಬ ನಿಲ್ಲಿಸಿ, ಮೇಲೆ ಮರದ ಚಪ್ಪರ ಹಾಕಿ ನೆಬ್ಬಿಯೊಲೊ ಹಬ್ಬಿಸಿದ್ದಾರೆ. ಹಗಲು ಬಿಸಿಲು ಕುಡಿದ ಕಲ್ಲು ರಾತ್ರಿ ಬಳ್ಳಿಗೆ ಬೆಚ್ಚಗೆ ಕೊಡುತ್ತದಂತೆ. ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ ಚಪ್ಪರ ನೋಡಿದವರಿಗೆ ಇದು ದೂರದ ನೆಂಟರ ಮನೆ. ಬರೋಲೊದಲ್ಲಿ ಸಿಗುವ ದ್ರಾಕ್ಷಿಯ ಮೊದಲ ಪರಿಚಯ ಇಲ್ಲೇ ಆಗಲಿ.

ಬೇಗ ತಲುಪಬೇಕೆಂದರೆ ಮೋಂ ಬ್ಲಾಂ, ಪ್ರವಾಸ ಬೇಕೆಂದರೆ ಸೇಂಟ್ ಬರ್ನಾರ್ಡ್.

ಯಾವ ತಿಂಗಳು ಹೋಗಬೇಕು?

ಜೂನ್ ಕಣ್ಣುಮುಚ್ಚಿ ಹೋಗಬಹುದಾದ ತಿಂಗಳು. ಘಾಟಿ ತೆರೆದಿರುತ್ತದೆ, ಹಗಲು ಒಂಬತ್ತೂವರೆವರೆಗೂ ಇರುತ್ತದೆ.

ಕೊಯ್ಲು ನೋಡುವ ಆಸೆ ಇದ್ದರೆ ಒಂದು ತೊಡಕು. ಬರ್ಗಂಡಿಯಲ್ಲಿ ಆಗಸ್ಟ್ ಕೊನೆ, ಸೆಪ್ಟೆಂಬರ್‌ಗೆಲ್ಲ ಕೊಯ್ದು ಮುಗಿಸುತ್ತಾರೆ. ನೆಬ್ಬಿಯೊಲೊ ನಿಧಾನದ ಹಣ್ಣು, ಅಕ್ಟೋಬರ್‌ವರೆಗೂ ಬಳ್ಳಿಯಲ್ಲೇ ಇರುತ್ತದೆ. ಆಗ ಕಣಿವೆಯಲ್ಲಿ ಮಂಜು ತುಂಬುತ್ತದೆ. ಇಟಾಲಿಯನ್‌ನಲ್ಲಿ ಮಂಜಿಗೆ 'ನೆಬ್ಬಿಯಾ', ದ್ರಾಕ್ಷಿಯ ಹೆಸರು ಅಲ್ಲಿಂದಲೇ ಬಂದಿದ್ದು ಎನ್ನುತ್ತಾರೆ. ಎರಡೂ ಕೊಯ್ಲು ಒಂದೇ ಪ್ರವಾಸದಲ್ಲಿ ಸಿಗುವುದು ಕಷ್ಟ. ಕೊಯ್ಲಿನ ದಿನಗಳಲ್ಲಿ ಸಣ್ಣ ಮನೆಗಳವರಿಗೆ ನಿಮ್ಮ ಜೊತೆ ಮಾತಾಡಲು ಪುರುಸೊತ್ತೂ ಇರುವುದಿಲ್ಲ.

ಅಕ್ಟೋಬರ್‌ನಿಂದ ಡಿಸೆಂಬರ್ ಆರಂಭದವರೆಗೆ ಆಲ್ಬಾದಲ್ಲಿ ಬಿಳಿ ಟ್ರಫಲ್ ಜಾತ್ರೆ. ಟ್ರಫಲ್ ಅಂದರೆ ನೆಲದೊಳಗೆ ಬೆಳೆಯುವ ಒಂದು ಬಗೆಯ ಅಣಬೆ. ನವೆಂಬರ್‌ನ ಮೂರನೇ ಭಾನುವಾರ ಬೋನ್‌ನಲ್ಲಿ ವೈನ್ ಹರಾಜು. ಆ ವಾರ ಊರಲ್ಲಿ ರೂಮು ಸಿಗುವುದಿಲ್ಲ, ಸಿಕ್ಕಿದರೂ ಬೆಲೆ ಕೇಳಿ ಎದೆ ಝಲ್ ಅನ್ನುತ್ತದೆ.

ವೀಸಾ ಯಾವ ದೇಶದ್ದು ಮಾಡಿಸಬೇಕು?

ಶೆಂಗೆನ್ ವೀಸಾ ಒಂದೇ ಸಾಕು. ಸ್ವಿಟ್ಜರ್ಲೆಂಡ್ ಕೂಡ ಅದರೊಳಗೆ ಬರುತ್ತದೆ. ಜಾಸ್ತಿ ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಹಾಗಾಗಿ ಮೊದಲು ಹೋಟೆಲ್ ರಾತ್ರಿಗಳನ್ನು ಎಣಿಸಿ, ಆಮೇಲೆ ಫಾರ್ಮ್ ತುಂಬಿ. ದೊಡ್ಡವರಿಗೆ ಶುಲ್ಕ 90 ಯೂರೋ, ಜೊತೆಗೆ ಅರ್ಜಿ ಕೇಂದ್ರದ ಸೇವಾ ಶುಲ್ಕ. 30,000 ಯೂರೋಗೆ ಕಡಿಮೆ ಇಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಕಾರಿನ ಪ್ರವಾಸ ಎಂದ ಮೇಲೆ ಯಾವ ದಿನ ಎಲ್ಲಿಂದ ಎಲ್ಲಿಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕಾರಿನ ಬುಕಿಂಗ್ ಜೊತೆ ಇಡಿ.

ನಮ್ಮ ಕರ್ನಾಟಕದ ಲೈಸೆನ್ಸ್ ನಡೆಯುತ್ತದೆಯೇ?

ಅದರ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ನಿಮ್ಮ ಆರ್‌ಟಿಒದಲ್ಲೇ ಕೊಡುತ್ತಾರೆ. ಪರಿವಾಹನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು, ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಇದು ಬರೀ ಅನುವಾದದ ಪುಸ್ತಕ. ಅಸಲಿ ಲೈಸೆನ್ಸ್ ಕಾರ್ಡ್ ಮನೆಯಲ್ಲಿ ಮರೆತರೆ ಈ ಪುಸ್ತಕಕ್ಕೆ ಕಿಮ್ಮತ್ತಿಲ್ಲ. ಸ್ಟಿಯರಿಂಗ್ ಹಿಡಿಯುವ ಪ್ರತಿಯೊಬ್ಬರೂ ಎರಡನ್ನೂ ಇಟ್ಟುಕೊಳ್ಳಬೇಕು.

ಕಾರನ್ನು ಬೋನ್‌ನಲ್ಲಿ ತೆಗೆದುಕೊಂಡು ಇಟಲಿಯಲ್ಲಿ ಬಿಡಬಹುದೇ?

ಬಿಡಬಹುದು, ಜೇಬು ತಡೆದರೆ. ಒಂದು ದೇಶದಲ್ಲಿ ತೆಗೆದುಕೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ಹೆಚ್ಚುವರಿ ಹಣ ಕೇಳುತ್ತಾರೆ. ಎಷ್ಟೋ ಸಲ ಅದು ವಾರದ ಬಾಡಿಗೆಗಿಂತ ಜಾಸ್ತಿ. ಅದಕ್ಕೇ ಲಿಯೋನ್‌ನಲ್ಲಿ ತೆಗೆದುಕೊಂಡು ಲಿಯೋನ್‌ನಲ್ಲೇ ವಾಪಸು ಕೊಡಿ. ಬೋನ್ ಅಲ್ಲಿಂದ 150 ಕಿ.ಮೀ. ಆಸುಪಾಸು. ಹೋಗುವಾಗ ಸೇಂಟ್ ಬರ್ನಾರ್ಡ್, ಬರುವಾಗ ಫ್ರೇಜ್ಯೂಸ್. ಒಂದು ಪೂರ್ತಿ ಪ್ರದಕ್ಷಿಣೆ ಆಗುತ್ತದೆ.

ಗಡಿ ದಾಟುತ್ತೇವೆ ಎಂದು ಬುಕ್ ಮಾಡುವಾಗಲೇ ಹೇಳಿ. ಹೇಳದೆ ಹೋದರೆ ವಿಮೆ ಬಿದ್ದುಹೋಗಬಹುದು. ಅಲ್ಲಿ ಬಾಡಿಗೆ ಕಾರು ಅಂದರೆ ಸಾಮಾನ್ಯವಾಗಿ ಗೇರ್ ಕಾರು. ಆಟೊಮ್ಯಾಟಿಕ್ ಬೇಕಾದರೆ ಅದನ್ನೇ ಆರಿಸಿ, ನಾಲ್ಕು ಕಾಸು ಜಾಸ್ತಿಯಾದರೂ ಸರಿ. ಬಲಗೈಯಲ್ಲಿ ಗೇರ್ ಹಾಕುತ್ತಾ, ರಸ್ತೆಯ ಬಲಕ್ಕೆ ಹೋಗುತ್ತಾ, ಬೋರ್ಡು ಓದುವುದು ಮೊದಲ ದಿನ ಒಬ್ಬ ಮನುಷ್ಯನಿಗೆ ಆಗುವ ಕೆಲಸ ಅಲ್ಲ. ಡೆಪಾಸಿಟ್ಟಿಗೆ ಡ್ರೈವರ್ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಬೇಕು. ಡೆಬಿಟ್ ಕಾರ್ಡ್ ಹಿಡಿದು ಕೌಂಟರ್ ಮುಂದೆ ನಿಂತವರ ಕಥೆ ತುಂಬಾ ಕೇಳಿದ್ದೇನೆ. ಕಾರು ಕೈಗೆ ಬಂದ ಕೂಡಲೇ ಸುತ್ತ ವಿಡಿಯೊ ತೆಗೆಯಿರಿ, ಚಕ್ರದ ರಿಮ್ ಕೂಡ. ಹಳದಿ ಜಾಕೆಟ್ ಮತ್ತು ತ್ರಿಕೋನ ಒಳಗಿವೆಯೇ ನೋಡಿ. ಫ್ರಾನ್ಸ್, ಇಟಲಿ ಎರಡರಲ್ಲೂ ಕಡ್ಡಾಯ.

ರಸ್ತೆಯ ಬಲಕ್ಕೆ ಓಡಿಸುವುದು ಎಷ್ಟು ಕಷ್ಟ?

ಹೈವೇಯಲ್ಲಿ ಕಷ್ಟವೇ ಇಲ್ಲ. ಎಡವುವುದು ಎರಡು ಕಡೆ. ಬೆಳಿಗ್ಗೆ ಖಾಲಿ ಹಳ್ಳಿರಸ್ತೆಗೆ ಇಳಿದಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರು 'ಬಲ, ಬಲ' ಎಂದು ಹೇಳಲಿ, ನಾಚಿಕೆ ಬೇಡ. ಇನ್ನೊಂದು, ಫ್ರಾನ್ಸಿನ 'ಪ್ರಿಯೊರಿತೆ ಆ ದ್ರ್ವಾತ್'. ಬೇರೆ ಬೋರ್ಡು ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವನಿಗೇ ಮೊದಲ ಹಕ್ಕು. ಅವನು ಗಲ್ಲಿಯಿಂದ ಬಂದರೂ ಸರಿ, ನಿಲ್ಲುವುದೇ ಇಲ್ಲ. ಸರ್ಕಲ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಉಲ್ಟಾ: ಒಳಗೆ ಆಗಲೇ ಸುತ್ತುತ್ತಿರುವವರಿಗೆ, ಅಂದರೆ ನಿಮ್ಮ ಎಡದಿಂದ ಬರುವವರಿಗೆ ದಾರಿ ಬಿಡಬೇಕು.

ಹೈವೇಯಲ್ಲಿ ಮಿತಿ ಫ್ರಾನ್ಸ್ ಮತ್ತು ಇಟಲಿಯಲ್ಲಿ 130, ಮಳೆ ಬಂದರೆ 110. ಸ್ವಿಟ್ಜರ್ಲೆಂಡ್‌ನಲ್ಲಿ 120. ಊರೊಳಗೆ ಎಲ್ಲ ಕಡೆ 50, ಎಷ್ಟೋ ಕಡೆ 30. ಇನ್ನೊಂದು ತಮಾಷೆ ನೋಡಿ. ಫ್ರಾನ್ಸಿನಲ್ಲಿ ಹೈವೇ ಬೋರ್ಡು ನೀಲಿ, ಮುಖ್ಯರಸ್ತೆಯದು ಹಸಿರು. ಗಡಿ ದಾಟಿದರೆ ಇಟಲಿಯಲ್ಲಿ ಹೈವೇ ಹಸಿರು, ಮುಖ್ಯರಸ್ತೆ ನೀಲಿ. ಸುರಂಗದ ಆಚೆ ಮೊದಲ ಹತ್ತು ನಿಮಿಷ ತಲೆ ಕೆಡುತ್ತದೆ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹೋಗುವವರು ಚಳಿಗಾಲದ ಟೈರು ಇದೆಯೇ ಎಂದು ಕೇಳಿಯೇ ಕಾರು ತೆಗೆದುಕೊಳ್ಳಿ. ಆಲ್ಪ್ಸ್ ಎರಡೂ ಬದಿಯಲ್ಲಿ ಆ ಟೈರು ಅಥವಾ ಸರಪಳಿ ಕಡ್ಡಾಯ.

ಟೋಲ್ ಎಷ್ಟಾಗುತ್ತದೆ? ಸ್ವಿಸ್ ಸ್ಟಿಕರ್ ಅಂದರೇನು?

ಫ್ರಾನ್ಸ್ ಮತ್ತು ಇಟಲಿಯಲ್ಲಿ ಗೇಟಿಗೆ ಬಂದಾಗ ಚೀಟಿ ತೆಗೆದುಕೊಂಡು ಹೊರಗೆ ಹೋಗುವಾಗ ಕಾರ್ಡ್ ಕೊಡುವುದು. ಇಟಲಿಯಲ್ಲಿ ಹಳದಿಯಲ್ಲಿ 'ಟೆಲೆಪಾಸ್' ಎಂದು ಮಾತ್ರ ಬರೆದ ಲೇನಿಗೆ ಹೋಗಬೇಡಿ. ಅದು ನಮ್ಮ ಫಾಸ್ಟ್ಯಾಗ್ ಇದ್ದ ಹಾಗೆ, ಅದರ ಡಬ್ಬಿ ಇದ್ದವರಿಗೆ ಮಾತ್ರ. ಆವೊಸ್ತಾ ಕಣಿವೆಯ ಟೋಲ್ ದೂರಕ್ಕೆ ಹೋಲಿಸಿದರೆ ತುಂಬಾ ಜಾಸ್ತಿ. ಕಣಿವೆಯಲ್ಲಿ ಹಳೆಯ ರಸ್ತೆಯೂ ಇದೆ. ಕೋಟೆಗಳನ್ನು ನೋಡಿಕೊಂಡು ಅದರಲ್ಲೇ ಇಳಿಯಿರಿ.

ಸ್ವಿಟ್ಜರ್ಲೆಂಡ್‌ನಲ್ಲಿ ಗೇಟೇ ಇಲ್ಲ. ಹೈವೇ ಬಳಸಲು ವರ್ಷಕ್ಕೆ 40 ಫ್ರಾಂಕಿನ 'ವಿನ್ಯೆತ್' ಬೇಕು, ಸ್ಟಿಕರ್ ಅನ್ನುವುದು ಇದಕ್ಕೇ. ಒಂದು ದಿನ ಓಡಿಸಿದರೂ ವರ್ಷದ್ದೇ ಕೊಳ್ಳಬೇಕು. 2023ರಿಂದ ಫೋನಿನಲ್ಲೇ ಕೊಳ್ಳಬಹುದು, ಆದರೆ ಕಾರಿನ ನಂಬರ್ ಬೇಕು. ಅಂದರೆ ಕಾರು ಸಿಕ್ಕ ಮೇಲೇ. ಅಧಿಕೃತ ಸೈಟ್ ಬಿಟ್ಟು ಬೇರೆ ಕಡೆ ಕೊಂಡರೆ ಸುಮ್ನೆ ಕಮಿಷನ್ ದಂಡ. ಸೇಂಟ್ ಬರ್ನಾರ್ಡ್ ಸುರಂಗದ ಟೋಲ್ ಇದಕ್ಕೆ ಸೇರಿಲ್ಲ, ಬೇರೆ ಕಟ್ಟಬೇಕು. ಘಾಟಿ ರಸ್ತೆಯ ಮೇಲೆ ಹೋದರೆ ಪುಕ್ಕಟೆ.

ಪೆಟ್ರೋಲ್ ಹಾಕಿಸುವಾಗ ಏನು ನೋಡಬೇಕು?

ಹೆಸರು. ಇಟಲಿಯಲ್ಲಿ 'ಗಜೋಲಿಯೊ' ಅಂದರೆ ಡೀಸೆಲ್, 'ಬೆಂಜೀನಾ' ಅಂದರೆ ಪೆಟ್ರೋಲ್. ಫ್ರಾನ್ಸಿನಲ್ಲಿ ಡೀಸೆಲ್‌ಗೆ 'ಗಾಜೋಲ್'. ಅಮೆರಿಕದಲ್ಲಿ ಇದ್ದು ಬಂದವರು ಗ್ಯಾಸ್ ಅಂದರೆ ಪೆಟ್ರೋಲ್ ಎಂದುಕೊಂಡು ಹಾಕಿಸಿಬಿಟ್ಟಾರು, ಹುಷಾರು. ಇಟಲಿಯಲ್ಲಿ ಒಂದೇ ಬಂಕಿನಲ್ಲಿ ಎರಡು ಬೆಲೆ ಇರುತ್ತದೆ. 'ಸೆರ್ವೀತೊ' ಅಂದರೆ ಅವರು ಹಾಕುವುದು, ದುಬಾರಿ. ಫ್ರಾನ್ಸಿನಲ್ಲಿ ಹೈವೇ ಬಂಕ್ ಬಿಟ್ಟು ಊರಾಚೆಯ ಸೂಪರ್ ಮಾರ್ಕೆಟ್ಟಿನ ಬಂಕಿಗೆ ಹೋಗಿ.

ಇಟಲಿಯಲ್ಲಿ ದಂಡ ಜಾಸ್ತಿ ಬೀಳುತ್ತದಂತೆ, ಹೌದೇ?

ಹೌದು. ಹಳೆಯ ಪೇಟೆಗಳ ಸುತ್ತ 'ಜೋನಾ ಟ್ರಾಫಿಕೊ ಲಿಮಿಟಾಟೊ' ಇರುತ್ತದೆ. ಬಿಳಿ ಬೋರ್ಡು, ಕೆಂಪು ಉಂಗುರ, ಮೇಲೊಂದು ಕ್ಯಾಮೆರಾ. ಪರವಾನಗಿ ಇಲ್ಲದ ಗಾಡಿ ಒಳಗೆ ಹೋದರೆ ಫೋಟೊ. ಆಲ್ಬಾ, ಆಸ್ತಿ, ತೊರಿನೊ ಮೂರರಲ್ಲೂ ಇದೆ. ನಮ್ಮ ಮೊದಲ ಪ್ರವಾಸದಲ್ಲಿ ಮ್ಯಾಪ್ ಹೇಳಿತೆಂದು ಒಳಗೆ ನುಗ್ಗಿದೆವು. ಬೋರ್ಡು ಕಂಡು ಹಿಂದೆ ತಿರುಗಿಸಿ ಅದೇ ದಾರಿಯಲ್ಲಿ ಹೊರಗೆ ಬಂದೆವು. ಊರಿಗೆ ಬಂದ ಮೇಲೆ ಬಾಡಿಗೆ ಕಂಪನಿ ವಿಳಾಸ ಕೊಟ್ಟಿದ್ದಕ್ಕೆಂದೇ ಕಾರ್ಡಿನಿಂದ ಒಂದಿಷ್ಟು ಹಣ ಕಿತ್ತುಕೊಂಡಿತು. ಅಸಲಿ ದಂಡದ ಕಾಗದ ಬಂದಿದ್ದು ಎಂಟು ತಿಂಗಳ ಮೇಲೆ. ಎರಡು ಕಾಗದ. ಎರಡು ಸಲ ಕ್ಯಾಮೆರಾ ದಾಟಿದ್ದೆವಲ್ಲ!

ಹೋಟೆಲ್ ಆ ವಲಯದ ಒಳಗಿದ್ದರೆ ಕಾರಿನ ನಂಬರ್ ಮೊದಲೇ ಅವರಿಗೆ ಕೊಟ್ಟು ನೋಂದಾಯಿಸಿ. ಇಲ್ಲವಾದರೆ ಊರ ಹೊರಗೆ ನಿಲ್ಲಿಸಿ ನಡೆಯಿರಿ. ಆಲ್ಬಾ ಸಣ್ಣ ಊರು.

ವೈನ್ ರುಚಿ ನೋಡಿ ಕಾರು ಓಡಿಸಬಹುದೇ?

ನಾನು ಬೇಡ ಅನ್ನುತ್ತೇನೆ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರರಲ್ಲೂ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೊಹಾಲ್. ನಮ್ಮಲ್ಲಿ ಇನ್ನೂ ಬಿಗಿ, 0.3. ಇಟಲಿಯಲ್ಲಿ ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗದವರಿಗೆ ಸೊನ್ನೆ. ಬರೋಲೊದಲ್ಲಿ 14 ಶೇಕಡಾ ಆಲ್ಕೊಹಾಲ್ ಮಾಮೂಲು. ಐದು ಸಣ್ಣ ಗ್ಲಾಸು ಸೇರಿದರೆ ಲೆಕ್ಕ ತಪ್ಪುತ್ತದೆ.

ಉಗುಳುವುದು ಅಲ್ಲಿ ಅಸಭ್ಯ ಅಲ್ಲ. ಮೇಜಿನ ಮೇಲೆ ಅದಕ್ಕೆಂದೇ ಪಾತ್ರೆ ಇರುತ್ತದೆ. ನಮ್ಮಜ್ಜನ ಪೀಕದಾನಿಯ ಫ್ರೆಂಚ್ ನೆಂಟ. ವೈನ್ ಮಾಡಿದವನೇ ನಿಮ್ಮೆದುರು ಉಗುಳುತ್ತಾನೆ. ಬಾಯಲ್ಲಿ ಆಡಿಸಿ, ಮೂಗಿನಿಂದ ಉಸಿರು ಬಿಟ್ಟು, ಉಗುಳಿ. ಮುಜುಗರ ಮೊದಲ ಒಂದೆರಡು ಸಲ ಮಾತ್ರ. ಆದರೂ ಒಂದಿಷ್ಟು ಒಳಗೆ ಹೋಗಿಯೇ ಹೋಗುತ್ತದೆ, ಆದ್ದರಿಂದ ಡ್ರೈವರ್ ಬೇರೆಯವರೇ ಇರಲಿ. ಎಲ್ಲರೂ ಕುಡಿಯುವವರಾದರೆ ಬೋನ್‌ನಲ್ಲಿ ಸೈಕಲ್ ತೆಗೆದುಕೊಳ್ಳಿ. ದಕ್ಷಿಣಕ್ಕೆ ಪೊಮ್ಮಾರ್, ವೊಲ್ನೆ, ಮೆರ್ಸೊ ಹಳ್ಳಿಗಳ ನಡುವೆ ತೋಟದೊಳಗೇ ಸೈಕಲ್ ದಾರಿ ಇದೆ. ಲಾಂಗೆಯಲ್ಲಿ ಗುಡ್ಡ ಕಡಿದು, ಅಲ್ಲಿ ಟ್ಯಾಕ್ಸಿಯೇ ಸರಿ.

ಬರ್ಗಂಡಿಯಲ್ಲಿ ಸೆಲ್ಲಾರ್ ಒಳಗೆ ಬಿಡುವುದೇ ಇಲ್ಲವಂತೆ?

ದೊಡ್ಡ ಹೆಸರಿನವರು ಬಿಡುವುದಿಲ್ಲ, ನಿಜ. ರೊಮಾನೆ ಕೋಂತಿ ತೋಟ ಬರೀ 1.8 ಹೆಕ್ಟೇರ್, ಅಂದರೆ ನಾಲ್ಕೂವರೆ ಎಕರೆ. ಗೋಡೆಯ ಪಕ್ಕ ಕಲ್ಲಿನ ಶಿಲುಬೆ ಇದೆ, ಅಲ್ಲೇ ನಿಂತು ನೋಡಿ ಕೈಮುಗಿದು ಬನ್ನಿ. ಒಳಗೆ ಕಾಲಿಡಬೇಡಿ, ಹಣ್ಣು ಮುಟ್ಟಬೇಡಿ.

ಇಲ್ಲಿ ಹೊಲ ಹೀಗೆ ತುಂಡಾಗಿದ್ದಕ್ಕೆ ಕಾರಣ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಫ್ರೆಂಚ್ ಕ್ರಾಂತಿಯಲ್ಲಿ ಮಠಗಳ ಜಮೀನು ಕಿತ್ತುಕೊಂಡು ಮಾರಿದರು. ಆಮೇಲೆ ನೆಪೋಲಿಯನ್ ಕಾಲದ ಕಾನೂನು ಮಕ್ಕಳಿಗೆಲ್ಲ ಸಮಪಾಲು ಎಂದಿತು. ಹಿಸ್ಸೆ ಆಗುತ್ತಾ ಆಗುತ್ತಾ ಒಬ್ಬೊಬ್ಬರಿಗೆ ನಾಲ್ಕು ಸಾಲು ಬಳ್ಳಿ ಉಳಿಯಿತು. ಕ್ಲೋ ದ ವೂಜೊ ಒಂದೇ ಗೋಡೆಯೊಳಗಿನ ಸುಮಾರು 50 ಹೆಕ್ಟೇರ್ ತೋಟ, ಒಂದು ಕಾಲಕ್ಕೆ ಸನ್ಯಾಸಿಗಳದ್ದು. ಈಗ 80ರ ಆಸುಪಾಸು ಪಾಲುದಾರರು. ಅಷ್ಟು ಸಣ್ಣ ಮನೆಗಳಲ್ಲಿ ಬಂದವರಿಗೆಲ್ಲ ಸುರಿಯಲು ವೈನೇ ಇರುವುದಿಲ್ಲ.

ಸಣ್ಣ ಮನೆಗಳಿಗೆ ಮೂರು ನಾಲ್ಕು ವಾರ ಮೊದಲು ಇಮೇಲ್ ಮಾಡಿ. ಎಷ್ಟು ಜನ, ಯಾವ ಭಾಷೆ, ಯಾವ ದಿನ, ಅಷ್ಟು ಬರೆದರೆ ಸಾಕು. ಮಧ್ಯಾಹ್ನ 12ರಿಂದ 2 ಅವರ ಊಟದ ಹೊತ್ತು, ಭಾನುವಾರ ಮನೆಯವರ ದಿನ. ಸೆಂಟು ಹಾಕಿಕೊಂಡು ಹೋಗಬೇಡಿ, ಪಕ್ಕದವರಿಗೆ ವೈನಿನ ವಾಸನೆಯೇ ತಿಳಿಯುವುದಿಲ್ಲ. 'ಗ್ರಾಂ ಕ್ರೂ', ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ತೋಟದ ವೈನ್, ಬೇಕೆಂದು ಹಟ ಹಿಡಿಯಬೇಡಿ. ಹಳ್ಳಿಯ ಹೆಸರಿನ ವೈನ್, ಅಲಿಗೊತೆ ಎಂಬ ಬಿಳಿ ವೈನ್, ಇವುಗಳಲ್ಲೇ ಮನೆಯ ಕೈಗುಣ ಗೊತ್ತಾಗುತ್ತದೆ.

ಬೋನ್‌ನಲ್ಲಿ ಬಿಡಲೇಬಾರದ್ದು ಒತೆಲ್ ದ್ಯೂ. 1443ರಲ್ಲಿ ನಿಕೊಲಾ ರೊಲಾಂ ಬಡವರಿಗೆಂದು ಕಟ್ಟಿಸಿದ ಆಸ್ಪತ್ರೆ. ಮಾಡಿನ ಮೇಲೆ ಬಣ್ಣ ಬಣ್ಣದ ಹೆಂಚು. ದಾನವಾಗಿ ಬಂದ ದ್ರಾಕ್ಷಿ ತೋಟಗಳ ವೈನನ್ನು ಹರಾಜು ಹಾಕಿ ಆಸ್ಪತ್ರೆ ನಡೆಸುವ ಪದ್ಧತಿ 1859ರಿಂದ ಇದೆ. ನವೆಂಬರ್ ಹರಾಜು ಅಂದೆನಲ್ಲ, ಅದೇ.

ಬರೋಲೊ ಕಡೆ ಹೇಗೆ?

ಬಾಗಿಲು ಇನ್ನಷ್ಟು ತೆರೆದಿರುತ್ತದೆ. ಇಲ್ಲೂ ಮೊದಲೇ ಬುಕ್ ಮಾಡಬೇಕು, ರುಚಿ ನೋಡಲು ಹಣ ಕೊಡಬೇಕು. ಬರೋಲೊ ಎಂಬ ಹೆಸರು ಹಾಕಲು ಹಕ್ಕಿರುವುದು 11 ಊರುಗಳ ದ್ರಾಕ್ಷಿಗೆ. ಕನಿಷ್ಠ 38 ತಿಂಗಳು ಕಾಯಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಪಕ್ಕದ ಬಾರ್ಬರೆಸ್ಕೊಗೆ 26 ತಿಂಗಳು. ಬಣ್ಣ ತೆಳು, ಒಗರು ಮಾತ್ರ ಬಲು ಜೋರು. ಎಳೆ ಅಡಿಕೆ ಜಗಿದ ಹಾಗೆ ಬಾಯಿ ಹಿಡಿದುಕೊಳ್ಳುತ್ತದೆ. ಮೊದಲ ಗುಟುಕಿಗೇ ಮುಖ ಹಿಂಡಬೇಡಿ. ಒಂದು ತುಂಡು ಚೀಸ್ ತಿಂದು ಮತ್ತೆ ನೋಡಿ.

ಲಾ ಮೊರ್ರಾದ ಕಟ್ಟೆಯ ಮೇಲೆ ಸಂಜೆ ನಿಂತರೆ ಇಡೀ ಬರೋಲೊ ಕಣಿವೆ ಕಾಣುತ್ತದೆ. ಗ್ರಿಂಜಾನೆ ಕವೂರ್ ಕೋಟೆಯಲ್ಲಿ ಒಂದು ಎನೊತೆಕಾ, ಅಂದರೆ ಸೀಮೆಯ ವೈನುಗಳ ಅಂಗಡಿ, ಇದೆ. ಇಟಲಿಯನ್ನು ಒಂದುಗೂಡಿಸಿದ ಕವೂರ್ ಯುವಕನಾಗಿದ್ದಾಗ ಈ ಹಳ್ಳಿಯ ಮೇಯರ್ ಆಗಿದ್ದ. ಬಾರ್ಬರೆಸ್ಕೊದ ಎನೊತೆಕಾ ಇರುವುದು ಹಳೆಯ ಚರ್ಚಿನೊಳಗೆ. ಗ್ಲಾಸ್ ಲೆಕ್ಕದಲ್ಲಿ ಕೊಡುತ್ತಾರೆ. ಸಮಯ ಇಲ್ಲದವರಿಗೆ ಅದೊಂದೇ ಸಾಕು.

ನಾವು ಸಸ್ಯಾಹಾರಿಗಳು. ಏನು ತಿನ್ನುವುದು?

ಬರ್ಗಂಡಿಯಲ್ಲಿ ಕಷ್ಟ, ಪಿಯೆಮೊಂತೆಯಲ್ಲಿ ಸುಖ. ಬರ್ಗಂಡಿಯ ಹೆಸರಾಂತ ಅಡುಗೆ ಅಂದರೆ ದನದ ಮಾಂಸ ಮತ್ತು ಬಸವನಹುಳು. ಮೊಟ್ಟೆ ತಿನ್ನುವವರು 'ಗುಜೇರ್' ಎಂಬ ಚೀಸ್ ಉಂಡೆ ತಿನ್ನಬಹುದು. ಕೆಂಪು ವೈನಿನಲ್ಲಿ ಬೇಯಿಸಿದ ಮೊಟ್ಟೆ ಕೊಟ್ಟರೆ ಒಳಗೆ ಹಂದಿ ಚೂರು ಇರುತ್ತದೆ, ಕೇಳಿಕೊಳ್ಳಿ. ಬೋನ್‌ನ ಶನಿವಾರದ ಸಂತೆಯಲ್ಲಿ ಬ್ರೆಡ್ಡು, ಹಣ್ಣು, ಚೀಸ್ ಕೊಂಡು ತೋಟದ ಬದಿಯಲ್ಲಿ ಕೂತು ತಿಂದ ಊಟವೇ ನಮಗೆ ಎಲ್ಲಕ್ಕಿಂತ ರುಚಿಸಿತು. ಹಳೆಯ ಪದ್ಧತಿಯ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನವರು ಇದನ್ನು ತಿಳಿದಿರಲಿ.

ಪಿಯೆಮೊಂತೆಯಲ್ಲಿ 'ತಯರೀನ್', ಮೊಟ್ಟೆಯ ಹಳದಿ ಹಾಕಿ ಮಾಡಿದ ನೂಲಿನಂಥ ಪಾಸ್ತಾ. ಬೆಣ್ಣೆ ಮತ್ತು ಟ್ರಫಲ್ ಜೊತೆ ಕೇಳಿ. ಟ್ರಫಲ್ ಅನ್ನು ಗ್ರಾಂ ಲೆಕ್ಕದಲ್ಲಿ ತುರಿಯುತ್ತಾರೆ, 'ಸಾಕು' ಅನ್ನುವವರೆಗೂ ಕೈ ನಿಲ್ಲಿಸುವುದಿಲ್ಲ. ಬೇಗ ಸಾಕು ಅನ್ನಿ. 'ಅನ್ಯೊಲೊತ್ತಿ' ಎಂಬ ಹೂರಣದ ಪಾಸ್ತಾ ಒಳಗೆ ಸಾಮಾನ್ಯವಾಗಿ ಮಾಂಸ, 'ಬಾನ್ಯಾ ಕಾವ್ದಾ' ಬೆಳ್ಳುಳ್ಳಿಯ ಗೊಜ್ಜಿನಂತೆ ಕಂಡರೂ ಅದರಲ್ಲಿ ಮೀನು. ರಿಜೊತ್ತೊ ಎಂಬ ಅನ್ನದ ಅಡುಗೆಗೆ ಮಾಂಸದ ಸಾರು ಹಾಕಿರಬಹುದು. 'ಸೆಂಜಾ ಕಾರ್ನೆ, ಸೆಂಜಾ ಪೆಶೆ, ಸೆಂಜಾ ಬ್ರೋದೊ ದಿ ಕಾರ್ನೆ', ಅಂದರೆ ಮಾಂಸ ಬೇಡ, ಮೀನು ಬೇಡ, ಮಾಂಸದ ಸಾರು ಬೇಡ, ಇಷ್ಟು ಬಾಯಿಪಾಠ ಮಾಡಿಕೊಳ್ಳಿ. ಎರಡು ದೇಶದಲ್ಲೂ ಮಧ್ಯಾಹ್ನ ಎರಡೂವರೆ ದಾಟಿದರೆ ಅಡುಗೆಮನೆ ಮುಚ್ಚುತ್ತದೆ. ಏಳರವರೆಗೆ ಉಪವಾಸ. ಕಾರಿನಲ್ಲಿ ಚಕ್ಕುಲಿ ಡಬ್ಬಿ ಇರಲಿ.

ಮಕ್ಕಳು, ವಯಸ್ಸಾದವರು?

ಮಕ್ಕಳಿಗೆ ಸೀಟ್ ಕಡ್ಡಾಯ, ಕಾರಿನ ಜೊತೆಗೇ ಬುಕ್ ಮಾಡಿ. ಸೆಲ್ಲಾರ್‌ನಲ್ಲಿ ಹತ್ತು ನಿಮಿಷಕ್ಕೆ ಬೇಜಾರಾಗುತ್ತಾರೆ. ಆಲ್ಬಾ ನ್ಯುಟೆಲ್ಲಾ ಹುಟ್ಟಿದ ಊರು, ಸುತ್ತಲೂ ಹೇಜಲ್‌ನಟ್ ತೋಟ. ಆ ಆಸೆ ತೋರಿಸಿ ದಿನ ದೂಡಬಹುದು. ನಮ್ಮತ್ತೆ ಎರಡನೇ ಸಲ ಜೊತೆಗೆ ಬಂದಿದ್ದರು. ಲಾಂಗೆಯ ಹಳ್ಳಿಗಳಲ್ಲಿ ಏರು ಜಾಸ್ತಿ, ಸೆಲ್ಲಾರ್ ಮೆಟ್ಟಿಲು ಕಡಿದು, ಒಳಗೆ ಚಳಿ. ಶಾಲು ಮತ್ತು ಜಾರದ ಚಪ್ಪಲಿ ಅವರ ಕೈಚೀಲದಲ್ಲಿ ಇರಲಿ.

ಎಷ್ಟು ಬಾಟಲಿ ತರಬಹುದು?

ಫ್ರಾನ್ಸಿನಿಂದ ನೇರ ಇಟಲಿಗೆ ಹೋದರೆ ಸ್ವಂತಕ್ಕೆ ಎಷ್ಟು ಕೊಂಡರೂ ಯಾರೂ ಕೇಳುವುದಿಲ್ಲ. ಸ್ವಿಟ್ಜರ್ಲೆಂಡ್ ದಾಟುವವರು ಮಾತ್ರ ಎಣಿಸಿ. ಒಬ್ಬ ವಯಸ್ಕರಿಗೆ 5 ಲೀಟರ್, ಅಂದರೆ ಆರು ಬಾಟಲಿ. ಮೀರಿದರೆ ಸುಂಕ. ಬೇಸಿಗೆಯಲ್ಲಿ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ, ಬಿರಡೆ ಉಬ್ಬಿ ವೈನ್ ಬೆಂದುಹೋಗುತ್ತದೆ. ರಾತ್ರಿ ರೂಮಿಗೆ ಹೊತ್ತುಕೊಂಡು ಹೋಗಿ.

ಭಾರತಕ್ಕೆ ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್. ಪೂರ್ತಿ ಬಾಟಲಿ ಎರಡು, ಅರ್ಧ ಬಾಟಲಿ ಒಂದು. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲೇ ಹಾಕಬೇಕು. ಪ್ರತಿ ಬಾಟಲಿಯನ್ನು ಜಿಪ್ ಕವರಿಗೆ ಹಾಕಿ, ಟವೆಲ್ ಸುತ್ತಿ, ಬಟ್ಟೆಗಳ ನಡುಮಧ್ಯೆ ಇಡಿ. ನಾನು ಒಂದು ಬಾಟಲಿಯನ್ನು ಅತ್ತೆಯವರ ಉಣ್ಣೆ ಶಾಲಿನಲ್ಲಿ ಸುತ್ತಿದ್ದೆ. ಒಡೆಯಲಿಲ್ಲ. ಆದರೆ ಅವರಿಗೆ ಇನ್ನೂ ಹೇಳಿಲ್ಲ.